ಹದಿನಾಲ್ಕು ಟ್ರಾಲಿ ಮಣ್ಣು

"ಹದಿನಾಕ್ ಟ್ರಾಲಿ ಆಯ್ತು ನೋಡಪಾ ಮಣ್ಣ!" ಅಂತ ಹೋದ ಬೇಸಿಗೆಯಲ್ಲಿ ಅಣ್ಣ ಫೋನ್ ಮಾಡಿದಾಗ ನಾನು ಬೆಂಗಳೂರಿನ ನಾಲ್ಕನೇ ಮಹಡಿಯ ಬಾಡಿಗೆ ಮನೆಯಲ್ಲಿ ಕೂತು ಚಹಾ ಕುಡೀತಿದ್ದೆ. ಊರಲ್ಲಿ ನಮ್ಮ ಹಳೇ ಮನೆಯ ಮಾಳಿಗೆ ಮೇಲಿನ ಮಣ್ಣು ಇಳಿಸ್ತಾ ಇದ್ದರು. ಒಂದು ಟ್ರ್ಯಾಕ್ಟರ್ ಟ್ರಾಲಿಗೆ ಮೂರು ಟನ್ ಅಂತ ಹಿಡಿದರೂ ನಲವತ್ತೆರಡು ಟನ್. ಲೆಕ್ಕ ಹಾಕಿ ಚಹಾ ಲೋಟ ಕೆಳಗಿಟ್ಟೆ. ನಾನು ಹುಟ್ಟಿದ್ದು, ಮಗ್ಗಿ ಕಲಿತದ್ದು, ಜ್ವರ ಬಂದು ಮಲಗಿದ್ದು, ಎಲ್ಲ ಆ ನಲವತ್ತೆರಡು ಟನ್ನಿನ ಕೆಳಗೇ!

ಆ ಮನೆ ನಿಮಗೆ ಹೊಸದಲ್ಲ. ಇದೇ ಬ್ಲಾಗಿನಲ್ಲಿ ಅದರ ಕಂಬಗಳ ಫೋಟೋ ಹಾಕಿದ್ದೆ. "ಆಹಾ, ಎಂಥ ಮನೆ! ಉಳಿಸಿಕೊಳ್ಳಿ" ಅಂತ ನೀವೆಲ್ಲ ಕಾಮೆಂಟು ಬರೆದಿದ್ರಿ. ನಾನೂ ಹಿಗ್ಗಿದ್ದೆ. ಆ ಫೋಟೋದಲ್ಲಿ ಕಾಣದ ಸಂಗತಿಗಳನ್ನ ಇವತ್ತು ಹೇಳಬೇಕು ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸ್ಕೊಳ್ಳಿ.

ನಮ್ಮೂರು ಸೇಡಂನಿಂದ ಚಿಂಚೋಳಿ ಕಡೆ ಹೋಗೋ ಹಾದಿಯಲ್ಲಿ ಒಳಗಡೆ ಇದೆ. ಹಿಂದೆ ಗುಲಬರ್ಗಾ ಜಿಲ್ಲೆ, 2014ರಿಂದ ಕಲಬುರಗಿ. ತೊಗರಿ ಸೀಮೆ, ಎರೆ ನೆಲ. ಆದರೆ ಆ ಎರೆ ಮಣ್ಣಿನ ಕೆಳಗೆ ಏನಿದೆ ಅನ್ನೋದು ನಮ್ಮ ಕಡೆಯ ಎಲ್ಲ ಮನೆಗಳ ಕಥೆಯ ಮೂಲ. ಮೂರು ಮೊಳ, ನಾಲ್ಕು ಮೊಳ ತೋಡಿದರೆ ಸಾಕು, ಚಾಪೆ ಒಂದರ ಮೇಲೊಂದು ಹಾಸಿದ ಹಾಗೆ ಸುಣ್ಣಕಲ್ಲಿನ ಪದರು ಸಿಗ್ತದೆ. ಬೂದಿ ಬಣ್ಣ, ಒಂದೊಂದು ಕಡೆ ನೀಲಿ ಛಾಯೆ, ಒಂದೊಂದು ಕಡೆ ತುಸು ಹಳದಿ. ಉಳಿ ಇಟ್ಟು ಹೊಡೆದರೆ ಹಾಳೆ ಹಾಳೆಯಾಗಿ ಏಳುತ್ತದೆ. ಇದೇ ಶಹಾಬಾದ ಕಲ್ಲು. ನಾವು ಫರಸಿ ಅಂತೀವಿ. ನಿಮ್ಮ ಮನೆಯ ಅಡುಗೆ ಕಟ್ಟೆ ಮೇಲೋ, ಹಿತ್ತಲಿನ ಬಟ್ಟೆ ಒಗೆಯೋ ಜಾಗದಲ್ಲೋ, ಯಾವುದೋ ರೈಲು ನಿಲ್ದಾಣದಲ್ಲೋ ಈ ಕಲ್ಲನ್ನ ನೀವು ತುಳಿದೇ ಇರ್ತೀರಿ.

ಈ ಕಲ್ಲಿನ ನಂಟು ಎಷ್ಟು ಹಳೇದು ಅಂತ ನೋಡಬೇಕಾದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಬೇಕು. ಅಲ್ಲೇ ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ನದಿ ದಂಡೆಗೆ, 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. 'ರಾಯ ಅಸೋಕೋ' ಅಂತ ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ, ಅಶೋಕ ಚಕ್ರವರ್ತಿಯ ಉಬ್ಬುಶಿಲ್ಪ ಸಿಕ್ಕಿದ್ದು ಅಲ್ಲೇ. ಸುಣ್ಣಕಲ್ಲಿನ ದೊಡ್ಡ ದೊಡ್ಡ ಚಪ್ಪಡಿಗಳ ಮೇಲೆ ಕೆತ್ತನೆ. ಎರಡು ಸಾವಿರ ವರ್ಷದ ಹಿಂದೆಯೂ ನಮ್ಮ ಕಡೆಯ ಜನ ಈ ಕಲ್ಲಿನ ಹದ ತಿಳಿದಿದ್ದರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಒಂದು ಮಾತು. ಆ ಚಪ್ಪಡಿ ಕೆತ್ತಿದವನು ಸಂಜೆ ಉಳಿ ಸುತ್ತಿಗೆ ಚೀಲಕ್ಕೆ ಹಾಕ್ಕೊಂಡು ಎಂಥ ಮನೆಗೆ ಹೋದ? ಆ ಮನೆ ಉಳಿದಿಲ್ಲ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲೂ ಇದೇ ಕಥೆ. 1058ರ ಶಾಸನವೊಂದು ಅಲ್ಲಿನ ಘಟಿಕಾಸ್ಥಾನದ ಬಗ್ಗೆ ಹೇಳ್ತದೆ. ವೇದ ಓದೋರು ಇನ್ನೂರು ಜನ, ಶಾಸ್ತ್ರ ಓದೋರು ಐವತ್ತು ಜನ, ಪುಸ್ತಕ ನೋಡಿಕೊಳ್ಳೋಕೆ ಆರು ಮಂದಿ ಸರಸ್ವತೀ ಭಂಡಾರಿಗರು. ಅಲ್ಲಿ ಅರವತ್ತು ಕಂಬದ ಗುಡಿ ಇವತ್ತಿಗೂ ನಿಂತಿದೆ. ಆ ಇನ್ನೂರೈವತ್ತು ಹುಡುಗರು ಮಲಗುತ್ತಿದ್ದ ಚಾವಣಿ ಮಾತ್ರ ಇಲ್ಲ. ಸೇಡಂ ತಾಲ್ಲೂಕಿನ ಮಳಖೇಡ ಅಂದ್ರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ ನೃಪತುಂಗ ಕೂತು ಆಳಿದ ಊರು. 972ರಲ್ಲಿ ಪರಮಾರರು ಬಂದು ಅದನ್ನ ಲೂಟಿ ಮಾಡಿದರು. ಕಾಗಿಣಾ ನದಿ ದಂಡೆಗೆ ಕೋಟೆ ನಿಂತಿದೆ. ಕವಿರಾಜಮಾರ್ಗ ಉಳಿದಿದೆ. ಅದನ್ನ ಓದಿದವರ ಮನೆಗಳು ಎಲ್ಲಿ?

ಕಲ್ಲು ದೇವರಿಗೆ ಮತ್ತೆ ಅರಸನಿಗೆ, ಮಣ್ಣು ಮತ್ತೆ ಕಟ್ಟಿಗೆ ಉಳಿದವರಿಗೆ. ಬಹಳ ಕಾಲ ಲೆಕ್ಕ ಹೀಗೇ ಇದ್ದಿರಬೇಕು. ಮಣ್ಣು ಮಣ್ಣಿಗೆ ಸೇರಿತು. ಹಾಗಾಗಿ ಸಾಮಾನ್ಯರ ಮನೆಯ ಇತಿಹಾಸ ಅಂದ್ರೆ ನಮಗೆ ಸಿಗೋದು ಹೆಚ್ಚೆಂದರೆ ಮುತ್ಯಾನ ಮುತ್ಯಾನವರೆಗೆ.

*

ನಮ್ಮ ಮನೆ ಹನ್ನೆರಡು ಅಂಕಣದ್ದು.

ಅಂಕಣ ಅಂದ್ರೆ ನಾವು ಬರೆಯೋ ಜನಕ್ಕೆ ಪತ್ರಿಕೆಯ ಅಂಕಣ ನೆನಪಾಗ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಅದು ಮನೆ ಅಳೆಯೋ ಮಾಪು. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಹುಡುಗಿ ಕೊಡೋ ಮುಂದೆ "ಎಷ್ಟ ಅಂಕಣದ ಮನಿ?" ಅಂತ ಕೇಳ್ತಿದ್ದರಂತೆ, ಈಗ "ಎಷ್ಟು ಸ್ಕ್ವೇರ್ ಫೀಟು?" ಅಂದ ಹಾಗೆ. ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಸಾಲಾಗಿ ಜಂತಿ, ಜಂತಿ ಮೇಲೆ ಹಲಗೆ ಅಥವಾ ಚಿಲಿಕೆ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪೋ ತೊಗರಿ ಕಟ್ಟಿಗೆಯೋ ಒತ್ತಿ, ಎಲ್ಲದರ ಮೇಲೆ ಮಣ್ಣು. ಕೊನೇ ಪದರಿಗೆ ಸೌಳು ಮಣ್ಣು, ಅದು ನೀರು ಇಳಿಯೋಕೆ ಬಿಡಲ್ಲ. ಮಳೆಗಾಲದ ಮುಂಚೆ ಪ್ರತಿ ವರ್ಷ ಮಾಳಿಗೆ ಹತ್ತಿ ಹೊಸ ಮಣ್ಣು ಹಾಕಿ ತುಳಿಯೋದು, ಬಡಿಯೋದು ಒಂದು ಹಬ್ಬದ ಹಾಗೆ. (ಹಳೇದನ್ನ ಯಾರೂ ತೆಗೀತಿರಲಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದೆ.)

ಬಾಗಿಲು ದಾಟಿದ ಕೂಡಲೇ ಎಡಕ್ಕೆ ದನ ಕಟ್ಟೋ ಜಾಗ, ಗ್ವಾದಲಿ. ಎರಡು ಮೆಟ್ಟಿಲು ಮೇಲೆ ಪಡಸಾಲೆ. ಮನುಷ್ಯರು ಮೇಲೆ, ದನ ಕೆಳಗೆ, ಚಾವಣಿ ಒಂದೇ. ರಾತ್ರಿ ಎತ್ತು ಮೆಲುಕು ಹಾಕೋ ಸದ್ದು ಕೇಳ್ತಾ ಮಲಗೋದು. ಒಳಗೆ ಅಡುಗೆ ಮನೆ, ಅದಕ್ಕೆ ಅಂಟಿ ಜಗುಲಿ ಅಂದ್ರೆ ದೇವರ ಜಾಗ, ಪಕ್ಕದ ಕತ್ತಲೆ ಕೋಣೆಯಲ್ಲಿ ಜೋಳದ ಹಗೇವು. ಕಿಟಕಿ ಅನ್ನೋದೇ ಇಲ್ಲ. ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ, ಮಳೆ ಬಂದರೆ ಅದರ ಮೇಲೊಂದು ಫರಸಿ ಎಳೆಯೋದು. ಬೆಳಕಿನ ಬಿಲ್ಲೆ ಒಳಕಲ್ಲಿನ ಹತ್ತಿರ ಬಂದರೆ ನಮ್ಮ ಆಯಿ "ಹೊತ್ತ ನೆತ್ತಿ ಮ್ಯಾಲ ಬಂತು, ಹೊಲಕ್ಕ ಬುತ್ತಿ ಒಯ್ರಿ" ಅಂತಿದ್ದಳು. ಗೋಡೆ ಎರಡು ಮೊಳ ದಪ್ಪ. ಏಪ್ರಿಲ್ ಮೇನಲ್ಲಿ ನಮ್ಮ ಕಡೆ ಬಿಸಿಲು ನಲವತ್ತೆರಡು, ನಲವತ್ಮೂರು ಡಿಗ್ರಿ ಮುಟ್ಟಿದಾಗ ಪಡಸಾಲೆಯ ಫರಸಿ ಮೇಲೆ ಬರೀ ಮೈಯಲ್ಲಿ ಬೋರಲು ಮಲಗೋ ಸುಖ ಇದೆಯಲ್ಲ... ಏಸಿಯಲ್ಲಿ ಸಿಗಲ್ಲ ಬಿಡಿ.

ಎಲ್ಲರಿಗೂ ಹನ್ನೆರಡು ಅಂಕಣ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ಊರ ನಡುವೆ ಗೌಡರ ವಾಡೆ, ಎತ್ತರದ ಕಲ್ಲು ಗೋಡೆ, ಕಮಾನಿನ ಬಾಗಿಲು, ಒಂಟೆ ಹಾಯುವಷ್ಟು ದೊಡ್ಡದು. ನಿಜಾಮರ ಕಾಲ ನೋಡಿದ ವಾಡೆ ಅದು. ಒಳಗಿನ ಬೈಠಕ್ ಕೋಣೆಗೆ ಈಗಲೂ ದಿವಾನಖಾನಾ ಅಂತಾರೆ. ಅಗಸಿ ಹೊರಗಿನ ಕೇರಿಗಳಲ್ಲಿ ತೊಗರಿ ಕಟ್ಟಿಗೆ ಹೆಣೆದು ಸೆಗಣಿ ಮೆತ್ತಿದ ಗೋಡೆ, ಮೇಲೆ ಹುಲ್ಲು. ವಾಡೆಯ ಗೋಡೆ ಕಟ್ಟಿದ ಕೈಗಳು ಬಹುಪಾಲು ಆ ಕೇರಿಯವು. ನಮ್ಮದು ಈ ಎರಡರ ನಡುವಿನ ಮನೆ.

*

ನಮ್ಮ ಕಡೆಯ ಮನೆಗಳನ್ನ ಮೊದಲು ಬದಲಾಯಿಸಿದ್ದು ರೈಲು.

ಮುಂಬೈ ಕಡೆಯಿಂದ ಬಂದ ಹಳಿ ಶಹಾಬಾದ, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಯನ್ನ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಲ್ಲ ಆ ದಾರಿಯ ನಿಲ್ದಾಣಗಳೇ. ಅಲ್ಲೀತನಕ ಎತ್ತಿನ ಗಾಡಿ ಎಷ್ಟು ದೂರ ಎಳೀತದೋ ಅಷ್ಟು ದೂರ ಮಾತ್ರ ಹೋಗ್ತಿದ್ದ ಫರಸಿ, ರೈಲು ಹತ್ತಿ ದೊಡ್ಡ ದೊಡ್ಡ ಶಹರಗಳಿಗೆ ಹೋಯಿತು. ಕಲ್ಲಿಗೆ ಊರಿನ ಹೆಸರೇ ಅಂಟಿಕೊಂಡಿತು. ಚಿಂಚೋಳಿಗೆ ಮಾತ್ರ ಇವತ್ತಿಗೂ ರೈಲಿಲ್ಲ. ಅದಕ್ಕೇ ಏನೋ, ಆ ಕಡೆಯ ಹಳ್ಳಿಗಳಲ್ಲಿ ಹಳೇ ಮಾಳಿಗೆ ಮನೆಗಳು ಜಾಸ್ತಿ ಉಳಿದಿವೆ ಅಂತ ನನಗನ್ನಿಸ್ತದೆ.

ನಮ್ಮ ಸೋದರಮಾವ ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದ. ಸಣ್ಣವನಿದ್ದಾಗ ಅವನ ಕ್ವಾರ್ಟರ್ಸಿಗೆ ಹೋದರೆ ನನಗೆ ದೊಡ್ಡ ಬೆರಗು. ಸಾಲಾಗಿ ಒಂದೇ ನಮೂನೆ ಮನೆಗಳು, ಬಾಗಿಲ ಮೇಲೆ ನಂಬರು! ನಮ್ಮೂರಲ್ಲಿ ಮನೆಗೆ ಹೆಸರಿತ್ತು, ನಂಬರಿರಲಿಲ್ಲ. ಕಿಟಕಿ ಇತ್ತು. ದನಕ್ಕೆ ಜಾಗ ಇರಲಿಲ್ಲ. "ಮಾಮಾ, ಎತ್ತು ಎಲ್ಲಿ ಕಟ್ತಿ?" ಅಂತ ಕೇಳಿ ನಗೆಪಾಟಲಾಗಿದ್ದೆ. ಈಗ ಅನ್ನಿಸ್ತದೆ, ಅದು ದಡ್ಡ ಪ್ರಶ್ನೆ ಏನೂ ಅಲ್ಲ. ಹೊಲದ ದುಡಿಮೆ ಬಿಟ್ಟು ಪಗಾರದ ದುಡಿಮೆಗೆ ಬಂದವನ ಮನೆ ಅದು. ಮನೆಯ ಆಕಾರ ಬದಲಾದದ್ದು ಅಲ್ಲಿಂದ.

ಆಮೇಲೆ ಸಿಮೆಂಟು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದಿನ ಕಂಪನಿಯೂ ಅದರಲ್ಲೊಂದು. 1968ರಲ್ಲಿ ವಾಡಿಯಲ್ಲಿ ಕಾರ್ಖಾನೆ ಬಂತು. 1980ರ ದಶಕದಲ್ಲಿ ಮಳಖೇಡ ಹತ್ತಿರ ಒಂದು, ಸೇಡಂನಲ್ಲಿ ಒಂದು. ಆಮೇಲೆ ಚಿಂಚೋಳಿ ಕಡೆಗೂ ಬಂದವು. ಪ್ರತಿ ಕಾರ್ಖಾನೆಗೂ ಒಂದು ಕಾಲೋನಿ: ಆರ್‌ಸಿಸಿ ಚಾವಣಿ, ಎರಡು ರೂಮು, ನಲ್ಲಿ ನೀರು, ಒಳಗೇ ಸಂಡಾಸು. ಕಾಲೋನಿ ನೋಡಿ ಬಂದವರೆಲ್ಲ ಊರಿಗೆ ಮರಳಿ "ಹಂಥಾ ಮನಿ" ಬೇಕು ಅಂದರು. ತಪ್ಪೇನಿದೆ? ನಮ್ಮ ಆಯಿ ಜೀವಮಾನವಿಡೀ ನಸುಕಿನಲ್ಲಿ ಚೆಂಬು ಹಿಡ್ಕೊಂಡು ಹೊರಗೆ ಹೋದವಳು. ಹನ್ನೆರಡು ಅಂಕಣದ ಮನೆಯಲ್ಲಿ ಎತ್ತಿಗೆ ಜಾಗ ಇತ್ತು, ಜೋಳಕ್ಕೆ ಜಾಗ ಇತ್ತು, ಹೆಂಗಸರಿಗೆ ಅದೊಂದು ಜಾಗ ಇರಲಿಲ್ಲ. ನನ್ನ ಫೋಟೋದಲ್ಲಿ ಕಾಣದ ಮೊದಲನೇ ಸಂಗತಿ ಇದು.

ಗಮ್ಮತ್ತು ನೋಡಿ, ಕಲ್ಲು ಅದೇ. ಮೊದಲು ಹಾಳೆ ಹಾಳೆಯಾಗಿ ಎಬ್ಬಿಸಿ ಗೋಡೆ ಕಟ್ಟುತ್ತಿದ್ದರು, ಅದನ್ನೇ ಸುಟ್ಟು ಸುಣ್ಣ ಮಾಡಿ, ಎತ್ತಿನ ಗಾಣದಲ್ಲಿ ಮರಳಿನ ಜೊತೆ ಅರೆದು ಗಚ್ಚು ಮಾಡುತ್ತಿದ್ದರು. ಈಗ ಅದೇ ಸುಣ್ಣಕಲ್ಲನ್ನ ಪುಡಿ ಮಾಡಿ, ಸಾವಿರದ ನಾನೂರೈವತ್ತು ಡಿಗ್ರಿಯಷ್ಟು ಕಾವಿನಲ್ಲಿ ಸುಟ್ಟು, ಜಿಪ್ಸಂ ಬೆರೆಸಿ ಅರೆದು ಚೀಲಕ್ಕೆ ತುಂಬುತ್ತಾರೆ. ನಮ್ಮ ಹೊಲದ ಅಡಿಯ ಕಲ್ಲೇ ಚೀಲದಲ್ಲಿ ಕೂತು ನಮ್ಮೂರ ಅಂಗಡಿಗೆ ಮಾರಾಟಕ್ಕೆ ವಾಪಸ್ ಬರ್ತದೆ!

ಇತ್ತ ಫರಸಿಯ ಕಾಲ ಇಳೀತಾ ಬಂತು. ಹೊಳೆಯೋ ಟೈಲ್ಸ್ ಬಂದಮೇಲೆ ಫರಸಿ ಕೇಳೋರು ಕಡಿಮೆ. ಹೋದ ವರ್ಷ ಶಹಾಬಾದ ಹತ್ತಿರ ಒಂದು ಗಣಿ ನೋಡೋಕೆ ಹೋಗಿದ್ದೆ. ನೀರು ತುಂಬಿದ ಹಳೇ ಗುಂಡಿ, ದಂಡೆಗೆ ಒಡೆದ ಚಪ್ಪಡಿಗಳ ರಾಶಿ. ಆ ಒಡಕು ಚಪ್ಪಡಿಗಳನ್ನೇ ಒಂದರ ಮೇಲೊಂದು ಪೇರಿಸಿ, ಗಾರೆ ಇಲ್ಲ ಮಣ್ಣಿಲ್ಲ, ಮೇಲೆ ತಗಡು ಹೊದಿಸಿ ಕಲ್ಲು ಒಡೆಯೋ ಒಂದು ಕುಟುಂಬ ವಾಸ ಇತ್ತು. ತಗಡು ಹಾರದಿರಲಿ ಅಂತ ಅದರ ಮೇಲೂ ಫರಸಿ ತುಂಡು. ಊರೂರಿಗೆ ನೆಲ ಹಾಸಿದವರ ಮನೆಯ ನೆಲ ಮಣ್ಣಿನದ್ದೇ ಇತ್ತು. ಕನಗನಹಳ್ಳಿಯ ಶಿಲ್ಪಿ ಎಲ್ಲಿ ಮಲಗುತ್ತಿದ್ದ ಅಂತ ಮೇಲೆ ಕೇಳಿದೆನಲ್ಲ... ಬಹುಶಃ ಹೀಗೇ ಏನೋ.

*

ಈಗ ಮಣ್ಣಿನ ವಿಷಯಕ್ಕೆ ಬರ್ತೀನಿ.

1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ಬಂದು ಜನ ಮಲಗಿದ್ದ ರಾತ್ರಿ. ನಸುಕಿನ ನಾಲ್ಕರ ಹೊತ್ತಿಗೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ನಡುಗಿತು. ಸುಮಾರು ಹತ್ತು ಸಾವಿರ ಜನ ಸತ್ತರು. ಕಿಲ್ಲಾರಿ ನಮಗೆ ದೂರದ ಊರಲ್ಲ, ಅಲ್ಲಿನ ಮನೆಗಳೂ ನಮ್ಮವೇ ಥರ: ದಪ್ಪ ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಮಣ್ಣು, ತಲೆ ಮೇಲೆ ಮಣ್ಣಿನ ಮಾಳಿಗೆ. ಭೂಕಂಪದ ಜೋರು ಆರರ ಮೇಲಿತ್ತು ಖರೆ, ಆದರೆ ಅಷ್ಟು ಜನ ಸತ್ತದ್ದು ಮನೆಗಳ ಕೆಳಗೆ ಸಿಕ್ಕಿ. ಆಗ ನಮ್ಮೂರಲ್ಲೂ ಒಂದಷ್ಟು ದಿನ ಜನ ಬಯಲಲ್ಲಿ ಮಲಗಿದರು. ಆಮೇಲೆ ಮರೆತರು. ಮುತ್ಯಾ ಆ ವರ್ಷವೂ ಮಳೆಗಾಲಕ್ಕೆ ಮುಂಚೆ ಹಾಕಿದಷ್ಟೇ ಮಣ್ಣನ್ನ ಮುಂದಿನ ವರ್ಷವೂ ಹಾಕಿಸಿದ.

2021ರ ಅಕ್ಟೋಬರಿನಲ್ಲಿ ಮರೆಯೋಕಾಗದ ಹಾಗೆ ಆಯಿತು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತಮುತ್ತ ನೆಲದೊಳಗಿಂದ ಗುಡುಗಿದ ಹಾಗೆ ಸದ್ದು, ಸಣ್ಣ ಸಣ್ಣ ನಡುಕ. ಅಕ್ಟೋಬರ್ 11ರ ರಾತ್ರಿಯದ್ದು 4.1ರಷ್ಟಿತ್ತು. ಜನ ಊರು ಬಿಟ್ಟು ನೆಂಟರ ಮನೆಗಳಿಗೆ ಹೋದರು, ಇದ್ದವರು ಹೊರಗೆ ಮಲಗಿದರು. ತಾತ್ಕಾಲಿಕ ಶೆಡ್ ಹಾಕಿದರು, ಹೈದರಾಬಾದಿನಿಂದ ವಿಜ್ಞಾನಿಗಳು ಬಂದು ಯಂತ್ರ ಇಟ್ಟರು. ಜೋರು ಮಳೆ ಆದಮೇಲೆ ನೀರು ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿದು ಇಂಥ ಸಣ್ಣ ಕಂಪನ ಆಗ್ತವೆ ಅಂತ ವಿವರಣೆ ಬಂತು. ಕೇಳೋಕೆ ಸಮಾಧಾನದ ಮಾತೇ. ಆದರೆ ರಾತ್ರಿ ಹತ್ತಕ್ಕೆ ಪಾತ್ರೆಗಳು ಗಡಗಡ ಅಂದಾಗ ಯಾರಿಗೆ ವಿವರಣೆ ನೆನಪಿರ್ತದೆ?

ಆ ರಾತ್ರಿ ಅಣ್ಣ ಫೋನ್ ಮಾಡಿದ. ಅವ್ವ, ವೈನಿ, ಮಕ್ಕಳು ಎಲ್ಲ ಕಣದಲ್ಲಿ ಕೂತಿದ್ದರು. ಹಿಂದೆ ನಾಯಿ ಬೊಗಳೋ ಸದ್ದು. ಮಾಳಿಗೆಯಿಂದ ಪಡಸಾಲೆಗೆ ಒಂದು ಪುಟ್ಟಿಯಷ್ಟು ಮಣ್ಣು ಉದುರಿತ್ತು, ಅವ್ವ ಮಲಗೋ ಜಾಗಕ್ಕೇ. ಅವಳು ನೀರು ಕುಡಿಯೋಕೆ ಎದ್ದಿದ್ದಳು, ಅಷ್ಟೇ.

ಅವತ್ತಿನಿಂದ ಅವ್ವ ರಾತ್ರಿ ಆ ಮನೆಯೊಳಗೆ ಮಲಗಲಿಲ್ಲ. ಅಂಗಳದ ತಗಡಿನ ಶೆಡ್ಡಿನಲ್ಲಿ ಮಲಗಿದಳು, ಚಳಿಯಲ್ಲಿ ನಡುಗುತ್ತಾ, ಸೆಖೆಯಲ್ಲಿ ಬೇಯುತ್ತಾ. ಅಣ್ಣ ಮನೆ ಕೆಡವಿ ಆರ್‌ಸಿಸಿ ಕಟ್ಟೋಣ ಅಂದ. ಅಡ್ಡ ನಿಂತವನು ನಾನು. "ಮುತ್ಯಾನ ಮನಿ, ಇಂಥಾ ಕಂಬ ಈಗ ಸಿಗ್ತಾವಾ?" ಅಂತ ಬೆಂಗಳೂರಿನಿಂದ ಭಾಷಣ. ಎರಡು ವರ್ಷ ಇದೇ ಜಗಳ. ಒಂದು ಯುಗಾದಿಗೆ ಹೋದಾಗ ಕಂಬಕ್ಕೆ ಒರಗಿ ಮತ್ತೆ ಅದೇ ರಾಗ ಶುರು ಮಾಡಿದೆ. ಅವ್ವ ಹೋಳಿಗೆ ಲಟ್ಟಿಸೋದು ನಿಲ್ಲಿಸಿ ಹೇಳಿದಳು:

"ನೀ ವರ್ಷಕ್ಕ ಎರಡ್ ಸರ್ತಿ ಬರ್ತಿ, ಫೋಟೋ ಹೊಡ್ಕೊಂಡ್ ಹೋಗ್ತಿ. ನಿನಗ ಈ ಮನಿ ಚಂದ ಕಾಣ್ತದ, ನನಗ ಅಂಜ್ಕಿ ಬರ್ತದ. ಚಂದಿದ್ದದ್ದು ನಿನಗಿರ್ಲಿ, ಅಂಜ್ಕಿ ನನಗಿರ್ಲಿ ಅಂತಿ ಏನು?"

ನಾನು ಮಾತಾಡಲಿಲ್ಲ. ಏನಂತ ಮಾತಾಡಲಿ? ನೀವು ಬರೆದ "ಉಳಿಸಿಕೊಳ್ಳಿ" ಕಾಮೆಂಟುಗಳನ್ನ ಅವಳಿಗೆ ಓದಿ ಹೇಳಲೇ?

*

ಮನೆ ಕೆಡವೋದು ಅಂತಲೇ ತೀರ್ಮಾನ ಆಯಿತು. ಕಂಬ, ಬಾಗಿಲು ಮಾರಿದರೆ ಎಷ್ಟು ಬರ್ತದೆ ಅಂತ ಕೇಳೋಕೆ ಅಣ್ಣ ಚಿತ್ತಾಪುರ ಕಡೆಯ ಒಬ್ಬ ವಯಸ್ಸಾದ ಗೌಂಡಿಯನ್ನ ಕರೆಸಿದ. ಹಳೇ ಕಲ್ಲು ಮನೆಗಳ ಕೆಲಸ ಮಾಡಿದ ಕೈ. ಕಿಲ್ಲಾರಿ ಆದಮೇಲೆ ಆ ಕಡೆ ಮನೆ ಕಟ್ಟೋ ಕೆಲಸಕ್ಕೂ ಹೋಗಿ ಬಂದಿದ್ದನಂತೆ. ಒಂದು ತಾಸು ಏನೂ ಮಾತಾಡದೆ ಗೋಡೆ ಬಡಿದು ಕೇಳಿದ, ಮಾಳಿಗೆ ಹತ್ತಿ ಹಾರೆ ಇಳಿಬಿಟ್ಟ, ಕಂಬದ ಬುಡ ಕೆರೆದು ನೋಡಿದ. ಆಮೇಲೆ ಪಡಸಾಲೆಯಲ್ಲಿ ಕೂತು ಹೇಳಿದ:

"ತಮ್ಮಾ, ಕಂಬ ಗಟ್ಟಿ ಅದಾವ. ಮನಿ ಹೊತ್ತಿದ್ದು ಕಂಬ, ಗ್ವಾಡಿ ಅಲ್ಲ. ಕಿಲ್ಲಾರ್ಯಾಗ ನಾ ಕಣ್ಣಾರೆ ನೋಡೀನಿ, ಗ್ವಾಡಿ ಬಿದ್ದಾವ, ಕಂಬ ತೊಲಿ ಹಂಗೇ ನಿಂತಾವ. ನಿಮ್ಮ ವೈರಿ ಎರಡೇ. ಒಂದು ಮ್ಯಾಲಿಂದು, ಒಂದು ಒಳಗಿಂದು."

ಮೇಲಿನದು ಮಣ್ಣು. ಕಟ್ಟಿದಾಗ ಒಂದು ಗೇಣು ಇದ್ದದ್ದು ವರ್ಷ ವರ್ಷ ಸೇರಿಸಿ ಸೇರಿಸಿ ಒಂದು ಮೊಳದ ಹತ್ತಿರ ಬಂದಿತ್ತು. ಪ್ರತಿ ಮಳೆಗಾಲದ ಹೆದರಿಕೆಗೆ ಒಂದೊಂದು ಪದರು. ಸೋರದಿರಲಿ ಅಂತ ಹಾಕಿದ ಮಣ್ಣೇ ಭಾರವಾಗಿ ಕೂತಿತ್ತು. ಒಳಗಿನದು ಗೋಡೆಯ ಹೊಟ್ಟೆ. ಹೊರಗಿನಿಂದ ಒಂದೇ ಗೋಡೆ ಹಾಗೆ ಕಾಣ್ತದೆ, ಅಸಲಿಗೆ ಅದು ಎರಡು ಮೈ: ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚೂರುಕಲ್ಲು ಮಣ್ಣು ತುಂಬಿದ್ದು. ಎರಡೂ ಮೈಯನ್ನ ಹಿಡಿದಿಡೋಕೆ ಅಡ್ಡಡ್ಡ ಹಾಯೋ ಉದ್ದ ಕಲ್ಲುಗಳು ಅಲ್ಲಲ್ಲಿ ಇರಬೇಕು. ನಮ್ಮದರಲ್ಲಿ ಇರಲಿಲ್ಲ. ನಡುಗಿದರೆ ಎರಡು ಮೈ ಬೇರೆ ಬೇರೆಯಾಗಿ ಉಬ್ಬಿ ಉದುರ್ತಾವೆ.

"ಹಂಗಾರ ಆರ್‌ಸಿಸಿ ಚಲೋ ಅಲ್ಲೇನು?" ಅಂತ ಅಣ್ಣ ಕೇಳಿದ.

"ಚಲೋ ಕಟ್ಟಿದ್ರ ಚಲೋ. ನಿಮ್ಮ ಬಾಜೂ ಮನಿ ನೋಡ್ರಿ."

ಬಾಜು ಮನೆ ಕಟ್ಟಿ ಏಳೇ ವರ್ಷ. ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಬಿರುಕು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡ್ತದೆ. ಪಾಯ ಗಟ್ಟಿ ನೆಲ ಮುಟ್ಟದಿದ್ದರೆ ಸಿಮೆಂಟಿನ ಮನೆಯೂ ಸೀಳ್ತದೆ. ಮಧ್ಯಾಹ್ನ ಅವರೂ ಆ ಮನೆಯಲ್ಲಿ ಇರಲಾರದೆ ನಮ್ಮ ಪಡಸಾಲೆಗೆ ಬಂದು ಮಲಗ್ತಾರೆ ಅನ್ನೋದು ಬೇರೆ ಮಾತು :-)

ಕೊನೆಗೆ ಆದದ್ದು ಇಷ್ಟು. ಹಿತ್ತಲಲ್ಲಿ ಗಟ್ಟಿ ಕಲ್ಲು ಮುಟ್ಟುವವರೆಗೆ ಪಾಯ ತೆಗೆದು, ಬಾಗಿಲಮಟ್ಟಕ್ಕೆ ಸುತ್ತಲೂ ಸಿಮೆಂಟಿನ ಪಟ್ಟಿ ಹಾಕಿ, ಒಂದು ಸಣ್ಣ ಆರ್‌ಸಿಸಿ ಕೋಣೆ, ಅದಕ್ಕಂಟಿ ಸಂಡಾಸು, ಬಚ್ಚಲು. ಅದು ಅವ್ವನದು. ಹಳೇ ಮನೆಯಲ್ಲಿ ಮುಂದಿನ ಎಂಟು ಅಂಕಣ ಉಳಿಸಿ, ಗೋಡೆ ಪೂರಾ ಹೊಟ್ಟೆ ಬಿಟ್ಟಿದ್ದ ಹಿಂದಿನ ನಾಲ್ಕು ಅಂಕಣ ಕೆಡವಿದೆವು. ಹಗೇವು ಅದರಲ್ಲೇ ಹೋಯಿತು. ಉಳಿದ ಗೋಡೆಗೆ ಅಲ್ಲಲ್ಲಿ ತೂತು ತೆಗೆದು ಕಬ್ಬಿಣದ ಸಳಿ ಇಟ್ಟು ಕಾಂಕ್ರೀಟು ತುಂಬಿದರು, ಎರಡು ಮೈ ಕೈ ಕೈ ಹಿಡಿದ ಹಾಗೆ. ಕಂಬಕ್ಕೂ ತೊಲೆಗೂ ನಡುವೆ ಓರೆ ಕಟ್ಟಿಗೆ ಕೊಟ್ಟರು. ಮಾಳಿಗೆ ಮಣ್ಣು ಪೂರಾ ಇಳಿಸಿ, ಹಲಗೆ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಒಂದು ಗೇಣಿಗೂ ಕಮ್ಮಿ ಹೊಸ ಮಣ್ಣು. ಆಗ ಇಳಿದದ್ದೇ ಆ ಹದಿನಾಲ್ಕು ಟ್ರಾಲಿ.

ಇಳಿಸಿದ ಮಣ್ಣನ್ನ ಅಣ್ಣ ಹೊಲಕ್ಕೆ ಹಾಕಿಸಿದ. ಮುತ್ಯಾ, ಅವನಪ್ಪ, ಅವನಪ್ಪ ಹೊತ್ತು ಹಾಕಿದ ಮಣ್ಣು. ಈ ಸಲ ಅದರಲ್ಲಿ ತೊಗರಿ ಬಿತ್ತಿದ್ದಾನೆ.

ಈಗ ನೀವು "ಹಾಗಾದರೆ ಮನೆ ಉಳೀತು, ಎಲ್ಲ ಸುಖಾಂತ" ಅನ್ನಬಹುದು. ಪೂರಾ ಹಾಗಿಲ್ಲ. ದೊಡ್ಡದೊಂದು ನಡುಕ ಬಂದರೆ ಈ ಮನೆ ನಿಲ್ತದಾ ಅಂತ ಗೌಂಡಿ ಮುತ್ಯಾನನ್ನ ಕೇಳಿದೆ. "ಬೀಳೂದು ತಡ ಆಗ್ತದ ತಮ್ಮಾ. ಮಂದಿ ಹೊರಗ ಓಡಿ ಬರೂವಷ್ಟು ತಡ ಆದ್ರ ಸಾಕಲ್ಲ?" ಅಂದ. ಅದಕ್ಕಿಂತ ಹೆಚ್ಚಿನ ಭರವಸೆ ಅವನು ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ಮೊನ್ನೆ ಊರಿಗೆ ಹೋಗಿದ್ದೆ. ಊಟ ಆದಮೇಲೆ ಅವ್ವ ಪಡಸಾಲೆಯ ಫರಸಿ ಮೇಲೆ ಸೆರಗು ಹಾಸಿ ಮಲಗಿದಳು. ಬೆಳಕಿಂಡಿಯ ಬಿಲ್ಲೆ ಒಳಕಲ್ಲು ದಾಟಿ ಕಂಬದ ಬುಡಕ್ಕೆ ಹೋಗಿತ್ತು. ಅವಳು ಗೊರಕೆ ಹೊಡೆಯೋದನ್ನ ನೋಡ್ತಾ ಕೂತೆ. ಈ ಸಲ ಫೋಟೋ ತೆಗೀಲಿಲ್ಲ. ರಾತ್ರಿ ಎಂಟಾಗ್ತಿದ್ದ ಹಾಗೆ ಅವಳೇ ಎದ್ದು ಹಾಸಿಗೆ ಸುತ್ತಿ ಬಗಲಲ್ಲಿಟ್ಟುಕೊಂಡು ಹಿತ್ತಲ ಕೋಣೆಗೆ ಹೊರಟಳು.

"ಈಗ ಮಣ್ಣ ಇಳಿಸೀವಲ್ಲವ್ವಾ, ಇನ್ನಾ ಯಾಕ ಅಂಜ್ತಿ?" ಅಂದೆ.

"ಮಾಳಿಗಿ ಮ್ಯಾಲಿಂದು ಇಳಿಸೀರಿ. ಎದಿ ಮ್ಯಾಲಿಂದು ಇಳೀಲಿಕ್ಕ ಟೈಮ್ ಹಿಡೀತದಪಾ. ಬಾಗಲಾ ಹಾಕ್ಕೋ" ಅಂತ ಹೋದಳು.

ನಾನು ಆ ರಾತ್ರಿ ಹಳೇ ಪಡಸಾಲೆಯಲ್ಲೇ ಮಲಗಿದೆ. ಹಟಕ್ಕೆ ಅಂತಲೇ ಇಟ್ಟುಕೊಳ್ಳಿ. ಜಂತಿಗಳನ್ನ ಎಣಿಸ್ತಾ ಮಲಗಿದವನಿಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಹೊರಗೆ ಲಾರಿ ಹೋದ ಸದ್ದಿಗೆ ಎರಡು ಸಲ ಎದ್ದು ಕೂತೆ. ಅವ್ವನ ಮಾತು ಅರ್ಥ ಆಗೋಕೆ ಒಂದೇ ರಾತ್ರಿ ಸಾಕಾಯಿತು.

ನಿಮ್ಮ ಕಡೆ ಹೇಗೆ? ಮಲೆನಾಡಿನ ತೊಟ್ಟಿ ಮನೆಯವರು, ಕರಾವಳಿಯ ಹಂಚಿನ ಮನೆಯವರು, ಹಳೇ ಮನೆ ಕೆಡವಿದವರು, ಉಳಿಸಿಕೊಂಡವರು, ನಿಮ್ಮ ಅನುಭವ ಬರೀರಿ. ಒಂದ್ ಮಾತು ಮಾತ್ರ. ಬರೆಯೋ ಮುಂಚೆ, ಆ ಮನೆಯಲ್ಲಿ ದಿನಾ ರಾತ್ರಿ ಮಲಗೋರನ್ನ ಒಂದ್ಸಲ ಕೇಳಿ ಬರೀರಿ.